ಸಹನೆಯೆಂಬ ಹೊಗಳಿಕೆ

ನಮ್ಮ ದೊಡ್ಡವ್ವ ಹಿರೇಕೆರೂರಿನಲ್ಲಿ ತೀರಿಕೊಂಡಾಗ ಬಂದವರ ಬಾಯಲ್ಲೆಲ್ಲ ಒಂದೇ ಮಾತು: "ಎಂಥಾ ಸಹನಾ ಆಕೀದು! ಒಂದಿನ ನೋವು ಅಂದಾಕಿ ಅಲ್ಲ." ಎದೆಯಲ್ಲಿ ಗಂಟಾಗಿ ಎರಡು ವರ್ಷವಾಗಿತ್ತು. ಸೆರಗು ಬಿಗಿಯಾಗಿ ಹೊದ್ದುಕೊಂಡು ರೊಟ್ಟಿ ಬಡಿದಳು, ಸೊಸೆಯ ಬಾಣಂತನ ಮಾಡಿದಳು. ಕೊನೆಗೆ ಹುಬ್ಬಳ್ಳಿಗೆ ಕರೆದೊಯ್ದಾಗ ಡಾಕ್ಟರು, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದರಂತೆ. ಅದು 1992ರ ಮಾತು. ಹಾನಗಲ್ಲಿನ ಶಾಲೆಗೆ ಹೊಸದಾಗಿ ಸೇರಿದ್ದ ನಾನೂ ಆ ಹೊಗಳಿಕೆಗೆ ತಲೆಯಾಡಿಸಿದ್ದೆ.

ತಲೆಯಾಡಿಸಬಾರದಿತ್ತು. ಏಕೆಂದರೆ ಅಷ್ಟರೊಳಗೆ ನಾನು ಡಾ. ಅನುಪಮಾ ನಿರಂಜನರ 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'ಯನ್ನು ಓದಿದ್ದೆ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಈ ವೈದ್ಯೆ ಧಾರವಾಡದಲ್ಲಿ, ಬೆಂಗಳೂರಿನಲ್ಲಿ ವೃತ್ತಿ ನಡೆಸಿದವರು. ಕಾದಂಬರಿಗಳಿಂದ ಹೆಸರಾದರೂ ನಮ್ಮಂಥವರ ಮನೆಯ ಕಪಾಟಿಗೆ ಬಂದದ್ದು ಅವರ 'ತಾಯಿ ಮಗು', 'ವಧುವಿಗೆ ಕಿವಿಮಾತು', 'ಕೇಳು ಕಿಶೋರಿ'. ಮುಟ್ಟು, ಬಸಿರು, ಹೆರಿಗೆಗಳ ವಿಷಯವನ್ನು ಪಿಸುಮಾತಿನಿಂದ ಬಿಡಿಸಿ ಸಾದಾ ಕನ್ನಡಕ್ಕೆ ತಂದವರು ಅವರು. ಕಾಯಿಲೆ ಬಂದ ಮೇಲೆ ಔಷಧ ಕೊಡುವುದಷ್ಟೇ ವೈದ್ಯರ ಕೆಲಸವಲ್ಲ, ಬಾರದಂತೆ ತಿಳಿಸಿಕೊಡುವುದೂ ಅವರ ಕೆಲಸ ಎಂದು ನಂಬಿ ಬರೆದರು. ತಾವೇ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡರು.

ಅಂಥ ಪುಸ್ತಕ ಓದಿದವಳು ನಾನು. ರಜೆಯಲ್ಲಿ ದೊಡ್ಡವ್ವನ ಮಗ್ಗುಲಲ್ಲೇ ಮಲಗಿದ್ದೆ. ಬಲಗೈ ಎತ್ತುವಾಗ ಅವಳು ಮುಖ ಕಿವುಚಿದ್ದನ್ನು ಕಂಡಿದ್ದೆ. "ಏನಾತ ದೊಡ್ಡವ್ವಾ?" ಎಂದೆ. "ವಯಸ್ಸಾತವ್ವಾ, ಇನ್ನೇನು" ಎಂದಳು. ನಾನು ಮತ್ತೆ ಕೇಳಲಿಲ್ಲ. ನಾಚಿಕೆ ಅವಳೊಬ್ಬಳದೇ ಆಗಿರಲಿಲ್ಲ, ನನ್ನದೂ ಆಗಿತ್ತು.

ಹಾಗಾದರೆ ಸಹನೆ ಒಂದು ಸದ್ಗುಣವೆ? ಮಗು ಅತ್ತಾಗ ನಿದ್ದೆ ಬಿಟ್ಟು ಏಳುವುದು, ಬಡತನದಲ್ಲಿ ಧೈರ್ಯಗೆಡದಿರುವುದು ಖಂಡಿತ ಸದ್ಗುಣ. ಆದರೆ ದೊಡ್ಡವ್ವನ ಸಹನೆಯಿಂದ ಲಾಭವಾದದ್ದು ಯಾರಿಗೆ? ಮನೆಯವರ ಖರ್ಚು ಉಳಿಯಿತು, ದಿನದ ಕೆಲಸ ನಿಲ್ಲಲಿಲ್ಲ. ಒಬ್ಬರ ನೋವಿನಿಂದ ಉಳಿದವರಿಗೆ ಅನುಕೂಲವಾದಾಗ ಆ ನೋವನ್ನು ಹೊಗಳುವುದು ಬಹಳ ಸುಲಭ.

ಇದನ್ನೆಲ್ಲ ಮತ್ತೆ ನೆನೆಯುವಂತೆ ಮಾಡಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಡೆಸಿದ ಒಂದು ಅಧ್ಯಯನ. 1998ರಲ್ಲಿ ಆರಂಭವಾದ ಅದರಲ್ಲಿ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧದಷ್ಟು ಜನರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದಲೇ ಪರೀಕ್ಷಿಸಿದರು. ಉಳಿದರ್ಧ ಜನರಿಗೆ ಒಂದು ಸಲ ತಿಳಿವಳಿಕೆ ಹೇಳಿದರು, ಅಷ್ಟೆ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪರೀಕ್ಷೆ ಮಾಡಿಸಿಕೊಂಡವರ ಪೈಕಿ ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ. ದೊಡ್ಡ ಯಂತ್ರವಿರಲಿಲ್ಲ, ಒಬ್ಬ ಹೆಣ್ಣುಮಗಳ ಕಲಿತ ಕೈ ಇತ್ತು.

ಓದಿದಾಗ ನನಗನಿಸಿದ್ದು ಇಷ್ಟು. ಒಮ್ಮೆ ತಿಳಿಸಿದರೆ ಸಾಲದು, ಯಾರಾದರೂ ಬಾಗಿಲಿಗೆ ಬಂದು ಮತ್ತೆ ಮತ್ತೆ ಕೇಳಬೇಕು. "ನಿನ್ನ ಆರೋಗ್ಯ ನೀನೇ ನೋಡಿಕೋ" ಎಂದು ಹೇಳಿ ಕೈತೊಳೆದುಕೊಳ್ಳುವುದೂ ಒಂದು ಬಗೆಯ ನಿರ್ದಯೆಯೇ. ಬಸ್ಸಿನ ದುಡ್ಡೂ ಕೈಯಲ್ಲಿಲ್ಲದ, ಅಕ್ಷರ ಬಾರದ ದೊಡ್ಡವ್ವನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ ಅದು. ತಿಳಿದವರ ಮೇಲೆ ಸಾಲವಿರುತ್ತದೆ. ಅನುಪಮಾ ಅದನ್ನು ಬರೆದು ತೀರಿಸಿದರು. ನಾನು ತೀರಿಸಲಿಲ್ಲ.

ಈಗ ಶಿಗ್ಗಾಂವಿ, ಸವಣೂರು ಕಡೆಯ ಗೆಳತಿಯರು ತರಬೇತಿಗೆಂದು ಸೇರಿದಾಗ ಊಟದ ಹೊತ್ತಿನಲ್ಲಿ ನಾನು ಈ ವಿಷಯ ತೆಗೆಯುತ್ತೇನೆ. ಕೆಲವರು ನಗುತ್ತಾರೆ, ಕೆಲವರು ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಾರೆ. ಕಳೆದ ವರ್ಷ ಒಬ್ಬಳು ಕೈತೊಳೆಯುವ ನಳದ ಹತ್ತಿರ ಬಂದು, "ಅಕ್ಕಾರ, ನನ್ನ ಸಂಗಾಟ ದವಾಖಾನಿಗೆ ಬರ್ತೀರೇನು?" ಎಂದಳು. ಹೋದೆ. ಅವಳದು ಹೆದರುವಂಥದ್ದೇನೂ ಆಗಿರಲಿಲ್ಲ. ಅವಳ ಪಾಳಿ ಮುಗಿದ ಮೇಲೆ ಡಾಕ್ಟರಮ್ಮ ನನ್ನತ್ತ ತಿರುಗಿ, "ನೀವು ತೋರಿಸಿಕೊಂಡೀರೇನು?" ಎಂದು ಕೇಳಿದರು.

ನಾನು ಇಲ್ಲ ಎಂದೆ. ಐವತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ, ಊರಿಗೆಲ್ಲ ಹೇಳುವ ನಾನು ಪರೀಕ್ಷೆಗಳು ಮುಗಿಯಲಿ, ಮಗಳ ಬಾಣಂತನ ಮುಗಿಯಲಿ ಎಂದು ಮುಂದೂಡುತ್ತಲೇ ಬಂದಿದ್ದೆ. ದೊಡ್ಡವ್ವನ ಸೆರಗನ್ನು ನಾನೂ ಹೊದ್ದುಕೊಂಡಿದ್ದೆ. ಆ ದಿನ ಅದನ್ನು ಸರಿಸಿ ಒಳಗೆ ಹೋದೆ.