ಸೊಂಟದಲ್ಲಿ ಪಿಸ್ತೂಲು, ಎದೆಯಲ್ಲಿ ಭಯ



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹಿರಿಯರೊಬ್ಬರು ದೇವಾಲಯದ ಬಾಗಿಲ ಬಳಿ ಕಾದು ನಿಂತಿದ್ದರು. ನಿವೃತ್ತರಾಗಿ ಹದಿನೈದು ವರ್ಷ ದಾಟಿದೆ. ಶಂಕರಪುರಂನ ಹಳೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಮಗ ಅಮೆರಿಕದ ಟೆಕ್ಸಾಸ್‌ನಲ್ಲಿ, ಮಗಳು ಪುಣೆಯಲ್ಲಿ. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಫಾದರ್, ಒಂದು ರಿವಾಲ್ವರ್ ತೊಗೊಳ್ಳೋಣ ಅಂತಿದೀನಿ. ಇದು ಪಾಪವಾ?"

ಕಾರಣವಿತ್ತು. ಹಿಂದಿನ ವಾರ ಅವರ ಬೀದಿಯಲ್ಲಿ ಬೆಳಗಿನ ಹೊತ್ತು ಹೂವು ತರಲು ಹೊರಟಿದ್ದ ತಾಯಿಯೊಬ್ಬರ ಕುತ್ತಿಗೆಯಿಂದ ಬೈಕಿನಲ್ಲಿ ಬಂದವರು ಸರ ಕಿತ್ತುಕೊಂಡು ಹೋಗಿದ್ದರು. ಸುದ್ದಿ ಕೇಳಿದ ಮಗ ಫೋನಿನಲ್ಲಿ, "ಅಪ್ಪಾ, ಇಲ್ಲಿ ನಾನೂ ಒಂದು ಇಟ್ಟುಕೊಂಡಿದೀನಿ. ನೀವೂ ಲೈಸೆನ್ಸಿಗೆ ಅರ್ಜಿ ಹಾಕಿ" ಎಂದನಂತೆ. ಅಂದಿನಿಂದ ಆ ಹಿರಿಯರಿಗೆ ನಿದ್ದೆಯಿಲ್ಲ.

ನೀವು ನಗಬೇಡಿ. ಸಂಜೆ ಏಳಕ್ಕೇ ಬಾಗಿಲಿಗೆ ಎರಡು ಚಿಲಕ ಹಾಕಿ ಕೂರುವ ಹಿರಿಯರು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಬೀದಿ ಬೀದಿಗಳಲ್ಲಿದ್ದಾರೆ. ಅವರ ಪ್ರಶ್ನೆಗೆ ನೇರವಾದ ಉತ್ತರ ಸಲ್ಲಬೇಕು.

ಮೊದಲು ಧರ್ಮಸಭೆಯ ಬೋಧನೆ ಏನೆಂದು ನೋಡೋಣ. ಐದನೆಯ ಕಟ್ಟಳೆ ಕೊಲೆಯನ್ನು ನಿಷೇಧಿಸುತ್ತದೆ. ಆದರೆ ಆತ್ಮರಕ್ಷಣೆಯನ್ನು ನಿಷೇಧಿಸುವುದಿಲ್ಲ. ದೇವರು ಕೊಟ್ಟ ಪ್ರಾಣವನ್ನು ಕಾಪಾಡಿಕೊಳ್ಳುವುದು ನ್ಯಾಯವಾದದ್ದು ಎಂದು 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಧರ್ಮಸಭೆಗೆ ಕೊಟ್ಟ ಧರ್ಮೋಪದೇಶ ಗ್ರಂಥವೂ ಇದನ್ನೇ ಎತ್ತಿ ಹಿಡಿಯುತ್ತದೆ. ಇತರರ ಪ್ರಾಣದ ಹೊಣೆ ಹೊತ್ತವರಿಗೆ ರಕ್ಷಣೆ ಹಕ್ಕು ಮಾತ್ರವಲ್ಲ, ಗುರುತರ ಕರ್ತವ್ಯವೂ ಹೌದು. ವ್ಯಾಟಿಕನ್ನಿನ ಸ್ವಿಸ್ ಕಾವಲುಗಾರರು ಹಳೆಯ ಕಾಲದ ಈಟಿ ಹಿಡಿದು ನಿಲ್ಲುವವರಷ್ಟೇ ಅಲ್ಲ, ಬಂದೂಕಿನ ತರಬೇತಿಯನ್ನೂ ಪಡೆದವರು. ನಮ್ಮ ಧರ್ಮಕೇಂದ್ರಗಳಲ್ಲೂ ಪೊಲೀಸರಿದ್ದಾರೆ, ಬ್ಯಾಂಕಿನ ಕಾವಲುಗಾರರಿದ್ದಾರೆ. ಅವರ ಸೇವೆ ಗೌರವದ ಸೇವೆ.

ಆದರೆ ಇದಕ್ಕೆ ಎರಡು ಮಿತಿಗಳುಂಟು. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಬಲ ಬಳಸಿದರೆ ಅದು ನ್ಯಾಯವಲ್ಲ. ಕೊಲ್ಲುವುದೇ ಉದ್ದೇಶವಾಗಿದ್ದರೆ ಅದು ರಕ್ಷಣೆಯೂ ಅಲ್ಲ. ನಮ್ಮ ದೇಶದ ಕಾನೂನೂ ಇದಕ್ಕೆ ಹತ್ತಿರದಲ್ಲೇ ಇದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದೆಂದೂ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲವೆಂದೂ ಅವೇ ಹೇಳುತ್ತವೆ. ಸರ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದವನು ದೇವರ ಮುಂದೆ ಅದನ್ನು ರಕ್ಷಣೆ ಎನ್ನಲಾರನು. ನ್ಯಾಯಾಲಯದ ಮುಂದೆ ಸಾಧಿಸುವುದೂ ಬಲು ಕಷ್ಟ.

ಇನ್ನು ಆಯ್ಕೆಯ ವಿಚಾರ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದ ಬಹುಪಾಲು ಜನ ಪರವಾನಗಿ ಇಲ್ಲದೆಯೇ ಪಿಸ್ತೂಲನ್ನು ಸೊಂಟದಲ್ಲಿ ಇಟ್ಟುಕೊಂಡು ತಿರುಗಬಹುದು. ಅಲ್ಲಿ ಅಂಗಡಿಗೆ ಹೋದವನ ಮುಂದೆ ನೂರಾರು ಮಾದರಿಗಳು. ನಮ್ಮಲ್ಲಿ ಹಾಗಿಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಕು. ಬೆಂಗಳೂರಿನಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್. ಪ್ರಾಣಭಯಕ್ಕೆ ತಕ್ಕ ಕಾರಣ ತೋರಿಸಬೇಕು, ಠಾಣೆಯವರು ಬಂದು ವಿಚಾರಿಸುತ್ತಾರೆ, ಬಳಕೆಯ ತರಬೇತಿ ಆಗಬೇಕು, ಮನೆಯಲ್ಲಿ ಭದ್ರವಾಗಿ ಇಡುವ ವ್ಯವಸ್ಥೆ ಇರಬೇಕು. ಚುನಾವಣೆ ಬಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೋವಿ ಮನೆತನದ ಸಂಪ್ರದಾಯಕ್ಕೆ ಸೇರಿದ್ದು, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವಂಥದ್ದು. ರಾತ್ರಿಯ ಭಯಕ್ಕೆ ಮದ್ದೆಂದು ಕೊಳ್ಳುವ ರಿವಾಲ್ವರಿನ ಕತೆ ಬೇರೆ.

ಲೈಸೆನ್ಸ್ ಸಿಕ್ಕಿತೆನ್ನಿ. ಸೈನ್ಯ, ಪೊಲೀಸರು ಬಳಸುವ 9 ಮಿಲಿಮೀಟರ್ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಹೆಚ್ಚಾಗಿ ಸಿಗುವುದು ಪಾಯಿಂಟ್ 32 ಬೋರಿನದು. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ಹೆಂಗಸರಿಗೆಂದು ನಿರ್ಭೀಕ್ ಎಂಬ ರಿವಾಲ್ವರ್ ಹೊರತಂದರು. ತೂಕ ಸುಮಾರು 500 ಗ್ರಾಂ, ಬೆಲೆ ಆಗಲೇ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ ದಾಟಿತ್ತು. ತಿಳಿದವರು ಆರಿಸುವಾಗ ನೋಡುವುದು ಇಷ್ಟು: ಹಿಡಿ ಕೈಗೆ ಹೊಂದಬೇಕು, ಕುದುರೆ ಎಳೆಯಲು ಬೆರಳಿಗೆ ಶಕ್ತಿ ಸಾಲಬೇಕು. ರಿವಾಲ್ವರ್ ಸರಳ, ಆದರೆ ಆರೇ ಗುಂಡು. ಪಿಸ್ತೂಲಿನಲ್ಲಿ ಗುಂಡು ಹೆಚ್ಚು ಹಿಡಿಯಬಹುದು, ಆದರೆ ಸಿಕ್ಕಿಹಾಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ಚಿಕ್ಕದು ಹೊರಲು ಹಗುರ, ಆದರೆ ಹಾರಿಸುವಾಗ ಕೈಯಲ್ಲಿ ಹೆಚ್ಚು ಒದೆಯುತ್ತದೆ, ಗುರಿ ತಪ್ಪುವುದೂ ಸುಲಭ.

ಇವೆಲ್ಲ ಲೋಹದ ಲೆಕ್ಕ. ವಿಶ್ವಾಸಿಯಾದವನು ಇನ್ನೂ ಮೂರು ಲೆಕ್ಕ ಹಾಕಬೇಕು.

ಒಂದನೆಯದು ಕೈಯ ಲೆಕ್ಕ. ನಡುರಾತ್ರಿ ಅಡುಗೆಮನೆಯಲ್ಲಿ ಸದ್ದಾಗುತ್ತದೆ. ನೀವು ಕನ್ನಡಕ ಹುಡುಕುತ್ತೀರಿ. ಕೈ ನಡುಗುತ್ತದೆ. ಕತ್ತಲಲ್ಲಿ ನಿಂತಿರುವುದು ಕಳ್ಳನೋ, ನೀರು ಕುಡಿಯಲು ಎದ್ದ ಮೊಮ್ಮಗನೋ? ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಗುಂಡು ಹಾರಿಸಬಾರದು ಎಂಬುದು ಬಂದೂಕು ಕಲಿಸುವವರ ಮೊದಲ ಪಾಠಗಳಲ್ಲೊಂದು. ಗೋಡೆಗೆ ಗೋಡೆ ತಾಗಿರುವ ನಮ್ಮ ಬೀದಿಗಳಲ್ಲಿ ಗುರಿಯ ಹಿಂದೆ ಇರುವುದು ಪಕ್ಕದ ಮನೆಯವರ ಕಿಟಕಿ. ಹೊಂಚು ಹಾಕಿ ಬಂದವನು ನಮಗೆ ಸಮಯವನ್ನೂ ಕೊಡುವುದಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಪತ್ರಕರ್ತೆ ಗೌರಿ ಲಂಕೇಶರು ಬಸವನಗುಡಿಯ ಕಚೇರಿಯಿಂದ ಮನೆಗೆ ಮರಳಿದರು. ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಅಂಥ ಕ್ಷಣದಲ್ಲಿ ಯಾರ ಕೈ ತಾನೇ ಸೊಂಟಕ್ಕೆ ಹೋದೀತು?

ಎರಡನೆಯದು ಮನೆಯ ಲೆಕ್ಕ. ಅದನ್ನು ಎಲ್ಲಿಡುತ್ತೀರಿ? ಗುಂಡು ತುಂಬಿ ತಲೆದಿಂಬಿನ ಕೆಳಗೆ ಇಟ್ಟರೆ ರಜೆಗೆ ಬರುವ ಮಕ್ಕಳ ಕೈಗೆ ಸಿಗುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಿ ಗುಂಡುಗಳನ್ನು ಬೇರೆ ಕಡೆ ಇಟ್ಟರೆ, ಅದೇ ಸರಿಯಾದ ಕ್ರಮ, ಕಳ್ಳ ಬಂದ ಗಳಿಗೆಯಲ್ಲಿ ಕೈಗೆ ಸಿಗುವುದಿಲ್ಲ. ಇನ್ನೊಂದು ಮಾತನ್ನು ಹೇಳಲೇಬೇಕು. ಮಗ ಇರುವ ಅಮೆರಿಕದಲ್ಲಿ ಪ್ರತಿವರ್ಷ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ತಾವೇ ಪ್ರಾಣ ಕಳೆದುಕೊಂಡವರು. ಹೊರಗಿನ ಕಳ್ಳನಿಗೆಂದು ತಂದದ್ದು ಒಳಗಿನ ದುಃಖಕ್ಕೆ ಸಿಕ್ಕಿಬಿಡುತ್ತದೆ. ಒಂಟಿತನ, ಕಾಯಿಲೆ, ಸಾಲ, ಪರೀಕ್ಷೆಯ ಸೋಲು ಇಲ್ಲದ ಮನೆ ಯಾವುದಿದೆ? ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆಟುಕುವಂತೆ ಏನಿತ್ತು ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಮೂರನೆಯದು ಮನಸ್ಸಿನ ಲೆಕ್ಕ. ಗಾಡಿ ನಿಲ್ಲಿಸುವ ಜಾಗಕ್ಕೆ ಪಕ್ಕದ ಮನೆಯವರೊಡನೆ ಜಗಳ, ಆಸ್ತಿ ಪಾಲಿಗೆ ಅಣ್ಣತಮ್ಮಂದಿರ ಜಗಳ, ರಸ್ತೆಯಲ್ಲಿ ಆಟೋ ತಾಗಿದ್ದಕ್ಕೆ ಜಗಳ. ಬರಿಗೈಯಲ್ಲಿದ್ದಾಗ ಬೈಗುಳದಲ್ಲಿ ಮುಗಿಯುವುದು ಪಿಸ್ತೂಲಿದ್ದಾಗ ಎಲ್ಲಿ ಮುಗಿಯುತ್ತದೆ? ಸಹೋದರನ ಮೇಲೆ ಕೋಪಗೊಳ್ಳುವವನೂ ನ್ಯಾಯತೀರ್ಪಿಗೆ ಗುರಿಯಾಗುವನೆಂದು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ್ದು ಇದಕ್ಕಾಗಿಯೇ.

ಈಗ ಸಂತ ಪೇತ್ರರ ಬಳಿಗೆ ಬನ್ನಿ. ಸಂತ ಲೂಕರ ಶುಭಸಂದೇಶದ 22ನೇ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿರಿ. ಕಡೆಯ ಭೋಜನದ ಮೇಲೆ ಶಿಷ್ಯರು ತಮ್ಮಲ್ಲಿ ಎರಡು ಕತ್ತಿಗಳಿವೆ ಎಂದರು. ಅಷ್ಟು ಸಾಕೆಂದು ಪ್ರಭು ಮಾತು ಮುಗಿಸಿದರು. ಗೆತ್ಸೆಮನೆ ತೋಪಿನಲ್ಲಿ ಗುಂಪು ಬಂದಾಗ ಅವುಗಳಲ್ಲಿ ಒಂದು ಹೊರಬಂತು. ಅದು ಪೇತ್ರರ ಕೈ ಎನ್ನುತ್ತಾರೆ ಸಂತ ಯೊವಾನ್ನರು. ಅದು ಬಲೆ ಬೀಸಿ ಅಭ್ಯಾಸವಾದ ಕೈ. ಪೆಟ್ಟು ಬಿದ್ದದ್ದು ಯಾರಿಗೆ? ಹಿಡಿದುಕೊಟ್ಟ ಯೂದನಿಗಲ್ಲ, ಪ್ರಧಾನ ಯಾಜಕನಿಗೂ ಅಲ್ಲ. ಮಲ್ಕನೆಂಬ ಒಬ್ಬ ಆಳಿನ ಬಲಗಿವಿಗೆ. ಪ್ರಭು ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು, ಕತ್ತಿಯನ್ನು ಒರೆಗೆ ಹಾಕಿಸಿದರು.

ಅಲ್ಲಿಗೆ ಕತೆ ಮುಗಿಯಲಿಲ್ಲ. ಕೆಲವೇ ತಾಸುಗಳ ಬಳಿಕ ಅದೇ ಪೇತ್ರರು ಬೆಂಕಿ ಕಾಯಿಸಿಕೊಳ್ಳುತ್ತಾ ಕುಳಿತಿದ್ದರು. ಅವರನ್ನು ಹೆದರಿಸಿದ್ದು ಸೈನಿಕನಲ್ಲ, ಒಬ್ಬ ದಾಸಿ ಹುಡುಗಿ. ನೀನೂ ಅವನ ಜೊತೆಗಿದ್ದವನಲ್ಲವೇ ಎಂಬ ಅವಳ ಒಂದು ಮಾತಿಗೆ ಕತ್ತಿ ಬೀಸಿದ ಗಂಡಸು ನಡುಗಿ ಸುಳ್ಳಾಡಿದರು. ಪ್ರಿಯರೇ, ಇಲ್ಲಿ ನಮಗೆ ಪಾಠವಿದೆ. ಕತ್ತಿ ಸೊಂಟದಲ್ಲಿತ್ತು, ಭಯ ಎದೆಯಲ್ಲಿತ್ತು. ಸೊಂಟದ್ದು ಎದೆಯದನ್ನು ಓಡಿಸಲಿಲ್ಲ. ಪೇತ್ರರ ಭಯ ಹೋದದ್ದು ಪವಿತ್ರಾತ್ಮರು ಇಳಿದು ಬಂದ ದಿನ. ಅಂದು ಅವರ ಕೈಯಲ್ಲಿ ಏನೂ ಇರಲಿಲ್ಲ.

ಅದೇ ಪೇತ್ರರ ಪೀಠದಲ್ಲಿ ಕುಳಿತ ಎರಡನೇ ಜಾನ್ ಪೌಲರು 1978ರಲ್ಲಿ ಲೋಕಕ್ಕೆ ಹೇಳಿದ ಮೊದಲ ಮಾತುಗಳಲ್ಲಿ ಒಂದು, ಭಯಪಡದಿರಿ ಎಂಬುದು. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಮೆಹ್ಮತ್ ಅಲಿ ಆಗ್ಜಾ ಎಂಬವನು ಅವರ ಮೇಲೆ ಪಿಸ್ತೂಲಿನಿಂದ ಗುಂಡು ಹಾರಿಸಿದ. ನಾಲ್ಕನೆಯ ದಿನ ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಅವನನ್ನು ಕ್ಷಮಿಸಿದರು. 1983ರ ಡಿಸೆಂಬರ್ 27ರಂದು ರೋಮಿನ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತಾಡಿದರು. ಜಗದ್ಗುರುಗಳ ವಾಹನಕ್ಕೆ ಗುಂಡು ತಡೆಯುವ ಗಾಜು ಬಂತು. ಎಚ್ಚರಿಕೆ ತಪ್ಪಲ್ಲ. ಆದರೆ ಭಯಕ್ಕೆ ಅವರು ತಮ್ಮ ಹೃದಯವನ್ನು ಒಪ್ಪಿಸಲಿಲ್ಲ. ಅವರಿಗೆ ತಗುಲಿದ ಗುಂಡು ಇಂದು ಫಾತಿಮಾ ಮಾತೆಯ ಕಿರೀಟದಲ್ಲಿದೆ.

ಮತ್ತೆ ಆ ಹಿರಿಯರ ಮಾತಿಗೆ ಬರೋಣ. ಪಾಪವೇ ಎಂಬ ಅವರ ಪ್ರಶ್ನೆಗೆ, ಕಾನೂನಿನಂತೆ ಇಟ್ಟುಕೊಳ್ಳುವುದೇ ಪಾಪವಲ್ಲ, ಆದರೆ ಈ ಮೂರು ಲೆಕ್ಕ ಹಾಕಿ ನೋಡಿ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಿಜ ಹೇಳಬೇಕಂದ್ರೆ ಫಾದರ್, ಕಳ್ಳನ ಭಯ ಅಷ್ಟಿಲ್ಲ. ಮೊದಲು ಕೂಗಿದರೆ ನಾಲ್ಕು ಮನೆಯವರು ಬರ್ತಿದ್ರು. ಈಗ ಎದುರಿನ ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದಾರೆ. ಅಲ್ಲಿ ಯಾರಿದಾರೆ ಅಂತಾನೇ ಗೊತ್ತಿಲ್ಲ. ರಾತ್ರಿ ನಮಗೆ ಏನಾದ್ರೂ ಆದ್ರೆ ಬೆಳಿಗ್ಗೆ ಹಾಲಿನ ಹುಡುಗನಿಗೇ ಗೊತ್ತಾಗಬೇಕು."

ಪ್ರಿಯ ಓದುಗರೇ, ಆ ಭಯಕ್ಕೆ ಯಾವ ಬೋರಿನ ರಿವಾಲ್ವರೂ ಮದ್ದಲ್ಲ. ಆ ಭಯಕ್ಕೆ ಉತ್ತರ ಕೊಡಬೇಕಾದವರು ನಾವು. ಮನೆಯ ಮುಂದೆ ದೀಪ ಉರಿಯಲಿ, ಬಾಗಿಲಿಗೆ ಗಟ್ಟಿ ಗ್ರಿಲ್ ಇರಲಿ, ಬಂದವರನ್ನು ನೋಡಲು ಬಾಗಿಲಲ್ಲಿ ಕಿಂಡಿ ಇರಲಿ. ಪೊಲೀಸರನ್ನು ಕರೆಯುವ 112 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿರಿ. ಬೀಟಿಗೆ ಬರುವ ಪೊಲೀಸರ ಪರಿಚಯ ಮಾಡಿಕೊಳ್ಳಿ. ನೆರೆಯವರು ಯಾವ ಧರ್ಮದವರೇ ಆಗಿರಲಿ, ಹೋಗಿ ನಿಮ್ಮ ಫೋನ್ ನಂಬರ್ ಕೊಟ್ಟು ಅವರದನ್ನು ಪಡೆಯಿರಿ. ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು, ಕಿರು ಕ್ರೈಸ್ತ ಸಮುದಾಯದವರು ತಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಲಿ. ಯುವಕರೇ, ದಿನಕ್ಕೊಮ್ಮೆ ಫೋನ್ ಮಾಡಿ "ಅಜ್ಜಾ, ಊಟ ಆಯ್ತಾ?" ಎಂದು ಕೇಳಲು ಲೈಸೆನ್ಸ್ ಬೇಕಾಗಿಲ್ಲ.

ಆ ಹಿರಿಯರು ಅರ್ಜಿಯನ್ನು ಇನ್ನೂ ಹಾಕಿಲ್ಲ, ಹರಿದೂ ಹಾಕಿಲ್ಲ. ಅದು ಮೇಜಿನ ಡ್ರಾಯರಿನಲ್ಲಿದೆ. ಅದು ಅಲ್ಲೇ ಉಳಿಯುವುದೋ ಇಲ್ಲವೋ, ಅರ್ಧ ನಮ್ಮ ಕೈಯಲ್ಲಿದೆ.

ಮನೆಮಂದಿ ಕೂಡಿ ಯೋಚಿಸಿರಿ

1. ನಮ್ಮ ಮನೆಯವರಿಗೆ ನಿಜವಾಗಿ ಯಾವುದರ ಭಯವಿದೆ? ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆಯೇ?

2. ಕೋಪ ಬಂದಾಗ ನಮ್ಮ ಕೈ ಮೊದಲು ಎಲ್ಲಿಗೆ ಹೋಗುತ್ತದೆ?

3. ನಮ್ಮ ಬೀದಿಯಲ್ಲಿ ರಾತ್ರಿ ಕೂಗಿದರೆ ಕೇಳಿಸಿಕೊಳ್ಳುವವರಿಲ್ಲದ ಮನೆ ಯಾವುದು? ಈ ವಾರ ಅಲ್ಲಿಗೆ ಯಾರು ಹೋಗುತ್ತೀರಿ?

ಪ್ರಾರ್ಥನೆ: ಓ ಪ್ರಭುವೇ, ಪೇತ್ರರ ಕತ್ತಿಯನ್ನು ಒರೆಗೆ ಹಾಕಿಸಿದ ನೀವು ನಮ್ಮ ಎದೆಯ ಭಯವನ್ನೂ ಶಮನಗೊಳಿಸಿರಿ. ನಮ್ಮ ಮನೆಗಳನ್ನು ಕಾಯಿರಿ. ನಮ್ಮನ್ನು ಒಬ್ಬರಿಗೊಬ್ಬರು ಕಾವಲಾಗಿರಿಸಿರಿ. ಆಮೆನ್.