ಸ್ವಲ್ಪ ಸರಿಯಿರಿ

ಉಗಿಬಂಡಿ ನೋಡಲೆಂದೇ ಐವತ್ತಾರನೆಯ ವಯಸ್ಸಿನಲ್ಲಿ ಊರು ಬಿಟ್ಟು ಹೊರಟೆ ಎಂದರೆ ನೀವು ನಗಬಹುದು. ನಮ್ಮ ಸ್ಟಾಫ್ ರೂಮಿನಲ್ಲೂ ನಕ್ಕರು. ತಂಗಿಯ ಮಗ ರೈಲಿನ ಹುಚ್ಚ. ದಸರಾ ರಜೆಗೆ ಮೊದಲೇ ಟಿಕೆಟ್ಟು ಕಾದಿರಿಸಿ, "ದೊಡ್ಡಮ್ಮ, ತಾತ ನಡೆಸ್ತಿದ್ದಂಥ ಎಂಜಿನ್ ಇನ್ನೂ ಉಸಿರಾಡೋದನ್ನ ನೋಡಬೇಕಾದರೆ ಬನ್ನಿ" ಎಂದ. ತಾತ ಎಂಜಿನ್ ನಡೆಸುತ್ತಿರಲಿಲ್ಲ, ಫೈರ್‌ಮನ್ ಆಗಿದ್ದರು ಎಂದು ತಿದ್ದಬೇಕೆನ್ನಿಸಿತು. ಮಕ್ಕಳ ತಪ್ಪು ತಿದ್ದುವುದೇ ಮೂವತ್ತು ವರ್ಷದಿಂದ ನನ್ನ ಕಸುಬು. ಆದರೂ ಅಂದು ಸುಮ್ಮನಿದ್ದೆ.

ಮೈಸೂರಿನಿಂದ ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ ಹಾದು ಮೇಟ್ಟುಪಾಳಯಕ್ಕೆ ಹಿಂದಿನ ದಿನವೇ ಹೋಗಿ ಉಳಿದೆವು. ನೀಲಗಿರಿಯ ಬೆಟ್ಟದ ರೈಲು ಅಲ್ಲಿಂದ ಬೆಳಗಿನ ಹೊತ್ತು ಹೊರಡುತ್ತದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಉದಕಮಂಡಲದವರೆಗೆ ಹಾಕಿದ ಮೀಟರ್ ಗೇಜ್ ದಾರಿ. ಉದ್ದ 46 ಕಿಲೋಮೀಟರ್, ಸುರಂಗ 16, ಸೇತುವೆ 250. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರು ದಾಟಿದ ಮೇಲೆ ಏರು ಎಂಥದೆಂದರೆ, ಕೆಲವು ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹೋಗಿರುತ್ತೇವೆ. ಬರೀ ಚಕ್ರವಾದರೆ ಜಾರಿಬಿಡುತ್ತದೆ. ಅದಕ್ಕೇ ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. ಒಂದು ಸಲ ದುಡಿದ ಉಗಿಯನ್ನು ಬಿಸಾಡದೆ ಇನ್ನೊಂದು ಜೊತೆ ಸಿಲಿಂಡರಿಗೆ ಕಳಿಸಿ, ಈ ಹಲ್ಲುಚಕ್ರ ತಿರುಗಿಸಲು ಬಳಸುತ್ತಾರೆ. ಕಾಫಿ ಚರಟಕ್ಕೆ ಇನ್ನೊಮ್ಮೆ ನೀರು ಹಾಕುವ ನಮ್ಮಮ್ಮನ ಲೆಕ್ಕಾಚಾರ ಸ್ವಿಸ್ ಎಂಜಿನಿಯರುಗಳಿಗೂ ಇತ್ತಲ್ಲ ಎಂದು ಸಂತೋಷಪಟ್ಟೆ.

ಎಂಜಿನ್ ಇರುವುದು ಮುಂದಲ್ಲ, ಹಿಂದೆ. ಗಾಡಿಯನ್ನು ಕೆಳಗಿನಿಂದ ತಳ್ಳುತ್ತದೆ. ಪ್ರತಿ ಬೋಗಿಯ ಮುಂದಿನ ಕಟ್ಟೆಯಲ್ಲೂ ಒಬ್ಬ ಬ್ರೇಕ್‌ಮನ್ ಬಾವುಟ ಹಿಡಿದು ನಿಂತಿರುತ್ತಾನೆ. ಒಳಗೆ ಕೂತ ನಮಗೆ ಕಾಡು, ಕಣಿವೆ, ಮೋಡ ಎಲ್ಲ ಕಾಣುತ್ತದೆ. ನಮ್ಮನ್ನು ಏರಿಸುತ್ತಿರುವವರು ಮಾತ್ರ ಕಾಣುವುದಿಲ್ಲ. ಹಾಗಾಗಿ ನೀರು ಹಿಡಿಯಲು ಗಾಡಿ ನಿಂತಲ್ಲೆಲ್ಲ ಜನ ಮೊಬೈಲ್ ಹಿಡಿದು ಹಿಂದಕ್ಕೆ ಓಡುತ್ತಾರೆ. ನಾನೂ ಓಡಿದೆ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು.

ಹಿಲ್‌ಗ್ರೋವ್ ನಿಲ್ದಾಣದಲ್ಲಿ ಕೋತಿಗಳ ಕಾಟದ ನಡುವೆ ಒಳ್ಳೆಯ ಜಾಗ ಹಿಡಿದೆ. ಎಳೆ ಬಿಸಿಲು, ಬಿಳಿ ಉಗಿ, ಹಿಂದೆ ಹಸಿರು ಗುಡ್ಡ. ಅಷ್ಟರಲ್ಲಿ ಮಸಿಬಟ್ಟೆಯ ಒಬ್ಬಾತ ಉದ್ದ ಮೂತಿಯ ಎಣ್ಣೆಡಬ್ಬಿ ಹಿಡಿದು ಚಕ್ರದ ಹತ್ತಿರ ಬಗ್ಗಿದ. ಚಿತ್ರಕ್ಕೆ ಅಡ್ಡವಾಯಿತು. ನನಗೆ ಬರುವ ಹರಕು ತಮಿಳಿನಲ್ಲಿ "ಕೊಂಜಂ ತಳ್ಳುಂಗ" ಎಂದೆ. ಸ್ವಲ್ಪ ಸರಿಯಿರಿ ಎನ್ನುವುದಕ್ಕೆ ಅವರಲ್ಲಿ ಹಾಗನ್ನುತ್ತಾರೆ. ಆತ ತಲೆಯೆತ್ತಿ ನೋಡಿ, ಮುಗುಳ್ನಕ್ಕು, ಆಚೆ ಸರಿದು ನಿಂತ. ನನ್ನ ಚಿತ್ರ ಮುಗಿಯುವತನಕ ಎಣ್ಣೆ ಬಿಡುವುದನ್ನು ನಿಲ್ಲಿಸಿ ಕಾದ.

ರಾತ್ರಿ ಊಟಿಯ ವಸತಿಗೃಹದಲ್ಲಿ ರಗ್ಗು ಹೊದ್ದು ಎಲ್ಲವನ್ನೂ ನೋಡಿದೆವು. ನಲವತ್ತು ನಿಮಿಷದಷ್ಟು ಚಿತ್ರ. ಹೊಗೆ ಇದೆ, ಸಿಳ್ಳೆ ಇದೆ, ಚಕ್ರ ಇದೆ, ಬೆಂಕಿಯ ಕೆಂಪು ಕೂಡ ಒಂದು ಕಡೆ ಇದೆ. ಮನುಷ್ಯರಿಲ್ಲ. ಒಂದೇ ಒಂದು ಕಡೆ ನನ್ನ ದನಿ ಇದೆ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿ: "ಕೊಂಜಂ ತಳ್ಳುಂಗ."

ಅಪ್ಪ ಮೀಟರ್ ಗೇಜಿನ ಒಂದು ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದರು. ಡ್ಯೂಟಿಯಿಂದ ಬಂದರೆ ಅಮ್ಮ ಎರಡು ಹಂಡೆ ನೀರು ಕಾಯಿಸುತ್ತಿದ್ದಳು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಮಸಿ ಹೋಗುತ್ತಿರಲಿಲ್ಲ. ಎದುರಿಗೆ ಬೆಂಕಿ, ಬೆನ್ನಿಗೆ ಗಾಳಿ. ಮಳೆಗಾಲದಲ್ಲಿ ಮೈಯ ಅರ್ಧ ಬೇಯುತ್ತದೆ, ಅರ್ಧ ನಡುಗುತ್ತದೆ ಎನ್ನುತ್ತಿದ್ದರು. ಕೆಮ್ಮಿದರೆ ಕರವಸ್ತ್ರ ಕಪ್ಪಗಾಗುತ್ತಿತ್ತು. ಆರನೇ ಕ್ಲಾಸಿನಲ್ಲಿ 'ನನ್ನ ತಂದೆ' ಎಂಬ ಪ್ರಬಂಧ ಬರೆಯಬೇಕಾದಾಗ ನಾನು ಬರೆದದ್ದು, ನನ್ನ ತಂದೆಯವರು ರೈಲ್ವೆಯಲ್ಲಿ ನೌಕರರಾಗಿದ್ದಾರೆ ಎಂದು. ಪಕ್ಕದ ಹುಡುಗಿಯ ಅಪ್ಪ ಗುಮಾಸ್ತ. ಅವಳು ಗುಮಾಸ್ತ ಎಂದೇ ಬರೆದಿದ್ದಳು. ಅಪ್ಪ ಆ ನೋಟುಬುಕ್ಕನ್ನು ನೋಡಿ, "ಅಕ್ಷರ ಚೆನ್ನಾಗಿದೆ" ಎಂದರು. ಅಷ್ಟೇ.

ನಿವೃತ್ತರಾದ ಮೇಲೆ ಒಮ್ಮೆ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಖುಷಿಪಟ್ಟಾರು ಎಂದು ನನ್ನ ಎಣಿಕೆ. ಬಣ್ಣ ಹೊಡೆದು ನಿಲ್ಲಿಸಿದ ಎಂಜಿನ್ನನ್ನು ಹತ್ತಿ, ಒಲೆಯ ಬಾಗಿಲಿನ ಮೇಲೆ ಅಂಗೈಯಿಟ್ಟು, "ಎಷ್ಟು ತಣ್ಣಗಿದೆ" ಎಂದು ಇಳಿದು ಬಂದರು. ಅದು ದುಃಖವೋ ನೆಮ್ಮದಿಯೋ ನಾನು ಕೇಳಲಿಲ್ಲ. ಕೇಳಬಹುದಿತ್ತು.

ನಾವು ಹೋದ ದಿನದ ಎಂಜಿನ್ ಎಣ್ಣೆಯಿಂದ ಉರಿಯುವಂಥದು. ತಂಗಿಯ ಮಗನಿಗೆ ಅದೇ ಕೊರಗು. "ಕಲ್ಲಿದ್ದಲಿನ ಕಪ್ಪು ಹೊಗೆಯ ಮಜಾನೇ ಬೇರೆ" ಎಂದು ದಾರಿಯುದ್ದಕ್ಕೂ ಹೇಳಿದ. ಅವನೊಬ್ಬನದಲ್ಲ ಈ ಆಸೆ. ಕಲ್ಲಿದ್ದಲಿನಿಂದಲೇ ಓಡುವ ಹೊಸ ಎಂಜಿನ್ನೊಂದನ್ನು ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ 2021ರಲ್ಲಿ ಕಟ್ಟಿದ್ದಾರೆ. ಆ ಮಜಾಕ್ಕೆ ಸಲಿಕೆ ಹಿಡಿಯುವವರು ಯಾರಪ್ಪ ಎಂದು ನಾನು ಕೇಳಿದೆ. ಅವನು ಒಳ್ಳೆಯ ಹುಡುಗ, ಉತ್ತರ ಹುಡುಕಿದ. "ಅವರಿಗೂ ಹೆಮ್ಮೆ ಇರುತ್ತೆ ದೊಡ್ಡಮ್ಮ" ಎಂದ. ಇರಬಹುದು. ಅಪ್ಪನಿಗೂ ಇತ್ತು. ಉಗಿಯ ಒತ್ತಡದ ಮುಳ್ಳು ಘಾಟಿಯಲ್ಲೂ ಇಳಿಯದ ಹಾಗೆ ನೋಡಿಕೊಂಡ ದಿನ ಅವರು ಒಂದು ತುತ್ತು ಹೆಚ್ಚು ಊಟ ಮಾಡುತ್ತಿದ್ದರು. ಆದರೆ ಒಬ್ಬನಿಗೆ ತನ್ನ ಕೆಲಸದಲ್ಲಿರುವ ಹೆಮ್ಮೆಯನ್ನು, ಆ ಕೆಲಸ ಅವನ ಮೈಗೆ ಮಾಡಿದ್ದಕ್ಕೆ ಸಮಜಾಯಿಷಿಯಾಗಿ ಬೇರೆಯವರು ಬಳಸಬಹುದೇ?

ಹಾಗೆಂದು ಉಗಿಬಂಡಿಯನ್ನು ಪ್ರೀತಿಸುವುದೇ ತಪ್ಪು ಎನ್ನಲಾರೆ. ಗಾಡಿ ಮೊದಲ ಉಸಿರು ಬಿಟ್ಟಾಗ ನನ್ನ ಕಣ್ಣು ತುಂಬಿತ್ತು, ಅದು ಸುಳ್ಳಲ್ಲ. 1998ರ 'ದಿಲ್ ಸೇ' ಚಿತ್ರದಲ್ಲಿ ಇದೇ ಗಾಡಿಯ ಮಾಡಿನ ಮೇಲೆ ಕುಣಿಯುತ್ತಾರಲ್ಲ, ಆ ಹಾಡೂ ನನಗಿಷ್ಟ. ಇನ್ನು, ಆತನನ್ನು ಸರಿಸದೆ ಕೇಳದೆ ಚಿತ್ರ ಹಿಡಿದಿದ್ದರೆ ಸರಿಯಾಗುತ್ತಿತ್ತೇ? ನಮ್ಮ ಶಾಲೆಗೂ ಆಗಾಗ ಯಾರಾದರೂ ಬಂದು ಪಾಠ ಮಾಡುವುದನ್ನು ಚಿತ್ರ ತೆಗೆಯುತ್ತಾರೆ. ಬರೆದದ್ದನ್ನೇ ಮತ್ತೆ ಬೋರ್ಡಿನ ಮೇಲೆ ಬರೆದಂತೆ ನಟಿಸುವಾಗ ನನಗಾಗುವ ಮುಜುಗರ ನನಗೆ ಗೊತ್ತು. ಬಡಪಾಯಿ ಕೆಲಸಗಾರ ಎಂಬ ಇನ್ನೊಂದು ಸುಂದರ ಚಿತ್ರ ನನಗೆ ಸಿಗುತ್ತಿತ್ತು, ಅಷ್ಟೇ. ಮೊಬೈಲನ್ನು ಚೀಲಕ್ಕೆ ಹಾಕಿ, ಹೆಸರು ಕೇಳಿ, ಎರಡು ಮಾತಾಡಬಹುದಿತ್ತು. ಹರಕು ತಮಿಳು ಅದಕ್ಕೂ ಸಾಲುತ್ತಿತ್ತು. ನನ್ನ ಅಪ್ಪನೂ ಬೆಂಕಿಯ ಮುಂದೆ ನಿಂತವರು ಎಂದು ಹೇಳಬಹುದಿತ್ತು. ಸುತ್ತ ಅಷ್ಟು ಜನರಿದ್ದರು. ಅವರೆದುರು ಹೇಳುತ್ತಿದ್ದೆನೇ ಎಂಬುದು ಈಗಲೂ ನನಗೆ ಖಾತ್ರಿಯಿಲ್ಲ.

ಊರಿಗೆ ಬಂದ ಮೇಲೆ ತಂಗಿಯ ಮಗ ಚಿತ್ರವನ್ನು ಚೊಕ್ಕ ಮಾಡಿ ನೆಂಟರಿಗೆಲ್ಲ ಕಳಿಸುತ್ತೇನೆಂದು ಕೂತ. ಹಿಲ್‌ಗ್ರೋವ್ ಬಂದಾಗ, "ಇಲ್ಲಿ ನಿಮ್ಮ ಮಾತು ತೆಗೆದುಬಿಡ್ಲಾ ದೊಡ್ಡಮ್ಮ, ಎಂಜಿನ್ ಶಬ್ದ ಚೆನ್ನಾಗಿ ಕೇಳ್ಸುತ್ತೆ" ಎಂದ.

ಬೇಡ, ಹಾಗೇ ಇರಲಿ ಎಂದೆ. ಮತ್ತೆ, ನಿಮ್ಮ ತಾತ ಡ್ರೈವರ್ ಅಲ್ಲ ಕಣೋ, ಫೈರ್‌ಮನ್ ಎಂದೆ.