ಒಂದೂವರೆ ಮೊಳದ ಸ್ಕೀ

ಆಸ್ಟ್ರಿಯಾದ ಇನ್ಸ್‌ಬ್ರೂಕ್ ಊರಿನ ನೆತ್ತಿಯ ಮೇಲೇ ನಾರ್ಡ್‌ಕೆಟ್ಟೆ ಬೆಟ್ಟಸಾಲು ನಿಂತಿದೆ. ಬಿಸಿಲು ಏರತೊಡಗುವ ಕಾಲಕ್ಕೆ ಅಲ್ಲಿಯ ಹಿಮ ರಾತ್ರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಹಗಲು ಮೇಲ್ಪದರ ಮಾತ್ರ ಸಡಿಲಗೊಂಡು ಹರಳು ಹರಳಾಗುತ್ತದೆ. ಅದು ಫಿರ್ನ್. ಅದರ ಮೇಲೆ ಜಾರಲೆಂದೇ ಟಿರೋಲ್ ಸೀಮೆಯವರು ಇಟ್ಟುಕೊಂಡಿರುವ ಪುಟ್ಟ ಸ್ಕೀ ಫಿರ್ನ್‌ಗ್ಲೈಟರ್, ಮನೆಮಾತಿನಲ್ಲಿ ಫಿಗ್ಲ್. ಉದ್ದ ಸುಮಾರು 60 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಮೊಳಕ್ಕೂ ತುಸು ಕಡಿಮೆ. ಶಿಖರ ಹತ್ತುವವರು ಇದನ್ನು ಬೆನ್ನಚೀಲಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ. ತುದಿ ಮುಟ್ಟಿದ ಮೇಲೆ ಹತ್ತಿದ ಬೂಟಿಗೇ ಕಟ್ಟಿಕೊಂಡು, ಮಂಡಿ ನೋಯಿಸಿಕೊಂಡು ನಡೆದಿಳಿಯಬೇಕಿದ್ದ ಇಳಿಜಾರನ್ನು ಜಾರಿಯೇ ಮುಗಿಸುತ್ತಾರೆ. ಗಟ್ಟಿ ತಳದ ಹಿಮವಾದ್ದರಿಂದ ಗಿಡ್ಡ ಸ್ಕೀ ಹೂತುಹೋಗುವುದಿಲ್ಲ.

ಉಳಿದ ಕಡೆ ಇಂಥ ಚೋಟುದ್ದದ ಸ್ಕೀಗೆ ಮರ್ಯಾದೆ ಸಿಕ್ಕಿದ್ದು ಕಡಿಮೆ. ಸ್ಕೀ ಲೋಕದಲ್ಲಿ ಉದ್ದ ಎನ್ನುವುದು ಬಹುಕಾಲ ಮೀಸೆಯ ವಿಷಯವಾಗಿತ್ತು. ಕೈಯನ್ನು ತಲೆಯ ಮೇಲೆತ್ತಿದರೆ ಮಣಿಕಟ್ಟಿಗೆ ತಾಗಬೇಕು, ಅದು ನಿಮ್ಮ ಅಳತೆ ಎನ್ನುತ್ತಿದ್ದರು. ಎತ್ತರದ ಗಂಡಸರ ಸ್ಕೀ ಎರಡು ಮೀಟರ್ ಸಲೀಸಾಗಿ ದಾಟುತ್ತಿತ್ತು. ಹೊಸದಾಗಿ ಕಲಿಯಲು ಬಂದವನಿಗೂ ಅದೇ ಹಲಗೆ. ಪಾಪ, ಅವನ ರಜೆಯೆಲ್ಲ ಒಂದು ಸ್ಕೀಯ ತುದಿಯನ್ನು ಇನ್ನೊಂದರ ಕೆಳಗಿಂದ ಬಿಡಿಸಿಕೊಳ್ಳುವುದರಲ್ಲೇ ಕಳೆಯುತ್ತಿತ್ತು.

ಇದನ್ನು ಬದಲಿಸಹೊರಟವರಲ್ಲಿ ಕ್ಲಿಫ್ ಟೇಲರ್ ಒಬ್ಬ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ 10ನೇ ಮೌಂಟನ್ ಡಿವಿಷನ್ನಿನಲ್ಲಿದ್ದ ಸೈನಿಕ, ಆಮೇಲೆ ಸ್ಕೀ ಮೇಷ್ಟ್ರು. ಕಲಿಯುವವರಿಗೆ ಮೊದಲು ತೀರ ಗಿಡ್ಡ ಸ್ಕೀ ಕೊಡಿ, ತಿರುಗುವುದು ಬಂದ ಹಾಗೆ ಉದ್ದ ಹೆಚ್ಚಿಸಿ ಎಂದ. ಅಲ್ಲಿಯವರೆಗೆ ಕಲಿಕೆ ಎಂದರೆ ಸ್ಕೀಗಳನ್ನು ನೇಗಿಲಿನಂತೆ ಕೂಡಿಸಿ ನಿಧಾನಿಸುವುದರಿಂದ ಶುರು. ಎರಡನ್ನೂ ಜೊತೆಜೊತೆಯಾಗಿ ಇಟ್ಟು ತಿರುಗುವ ಹೊತ್ತಿಗೆ ಎಷ್ಟೋ ಜನ ಬೇಸತ್ತು ಊರಿಗೆ ಹೋಗಿರುತ್ತಿದ್ದರು. ಟೇಲರ್ ಶಿಷ್ಯರು ಮೊದಲ ಪಾಠದಲ್ಲೇ ಜೋಡಿಯಾಗಿ ತಿರುಗಿಸಿದರು. 1960ರ ದಶಕದ ನಡುವಿನಲ್ಲಿ ವರ್ಮಾಂಟಿನ ಕಿಲ್ಲಿಂಗ್ಟನ್ ಸ್ಕೀ ಶಾಲೆ ಈ ಕ್ರಮವನ್ನು ಕೈಗೆತ್ತಿಕೊಂಡಿತು, ಅಲ್ಲಿಂದ ಅದು ಅಮೆರಿಕದ ಬೇರೆ ಶಾಲೆಗಳಿಗೂ ಹಬ್ಬಿತು.

ಇದರಲ್ಲಿ ಮಾಯಮಂತ್ರವೇನಿಲ್ಲ, ಹೈಸ್ಕೂಲಿನ ಭೌತವಿಜ್ಞಾನ ಸಾಕು. ಅಗಲ, ದಪ್ಪ ಹಾಗೇ ಇಟ್ಟು ಹಲಗೆಯ ಉದ್ದವನ್ನು ಅರ್ಧ ಮಾಡಿದರೆ ತೂಕ ಅರ್ಧವಾಗುತ್ತದೆ. ಆದರೆ ಅದನ್ನು ನಡುವಿನಲ್ಲಿ ಹಿಡಿದು ತಿರುಗಿಸುವಾಗ ಎದುರಾಗುವ ಜಡತೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಕಾಲು ಹೊರಳಿಸಿದರೆ ಸ್ಕೀ ಹೊರಳಿತು. ಮೋಜಿನ ಗುಟ್ಟು ಇಷ್ಟೇ. ಇಕ್ಕಟ್ಟಿನಲ್ಲಿ ಗಿರಕಿ ಹೊಡೆಯಬಹುದು, ಹಿಮ್ಮುಖವಾಗಿ ಜಾರಬಹುದು, ಕೋಲಿಲ್ಲದೆ ಬರಿಗೈ ಬೀಸಿಕೊಂಡು ಹೋಗಬಹುದು.

ಇದೆಲ್ಲ ಹಗುರಾಗಿ ಒಲಿಯುತ್ತದೆ ಎಂಬುದೇ ಹಳಬರ ಆಕ್ಷೇಪ. ಆಟಿಕೆ ಎಂದು ಮೂದಲಿಸಿದರು, ಈಗಲೂ ಮೂದಲಿಸುತ್ತಾರೆ. ಆಟಕ್ಕೆಂದು ಹೋದವರು ಆಟಿಕೆ ಹಿಡಿದರೆ ತಪ್ಪೇನೋ ನನಗೆ ತಿಳಿಯದು. 1990ರ ದಶಕದಲ್ಲಿ ಕ್ನೈಸ್ಲ್ ಎಂಬ ಟಿರೋಲ್ ಕಂಪನಿ ಮುಂತುದಿಗೆ ಕಾಲ್ಬೆರಳಿನ ಆಕಾರ ಕೊಟ್ಟು ಬಿಗ್‌ಫುಟ್ ಎಂಬ ಗಿಡ್ಡ ಸ್ಕೀ ಮಾರಿತು. ಬಳಿಕ ಸಾಲೊಮನ್ ಕಂಪನಿಯ ಸ್ನೋಬ್ಲೇಡ್ ಬಂತು. ಅಮೆರಿಕದ ವಿಂಟರ್ ಎಕ್ಸ್ ಗೇಮ್ಸ್‌ನಲ್ಲಿ ಗಿಡ್ಡ ಸ್ಕೀಗೆಂದೇ ಒಂದು ಸ್ಪರ್ಧೆಯೂ ಕೆಲವು ವರ್ಷ ನಡೆದು ನಿಂತಿತು.

ಮೂದಲಿಸಿದವರ ಸ್ಕೀಯೂ ಅಷ್ಟರಲ್ಲಿ ಕುಗ್ಗತೊಡಗಿತ್ತು. ನಡು ಸಣ್ಣ, ಎರಡೂ ತುದಿ ಅಗಲವಾದ ಕಾರ್ವಿಂಗ್ ಸ್ಕೀ ಬಂದ ಮೇಲೆ ಹಿಡಿತಕ್ಕೆ ಉದ್ದವೇ ಬೇಕೆಂಬ ಕಟ್ಟು ಸಡಿಲವಾಯಿತು. ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಲಾಲಮ್ ಸ್ಪರ್ಧಿಗಳು ಎಷ್ಟು ಗಿಡ್ಡಕ್ಕೆ ಇಳಿದರೆಂದರೆ, ಇದಕ್ಕಿಂತ ಚಿಕ್ಕದು ಕೂಡದೆಂದು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವೇ ಗೆರೆ ಎಳೆಯಬೇಕಾಯಿತು: ಗಂಡಸರಿಗೆ 165, ಹೆಂಗಸರಿಗೆ 155 ಸೆಂಟಿಮೀಟರ್. ಹಿಂದಿನವರ ಮಣಿಕಟ್ಟಿನ ಲೆಕ್ಕದ ಎದುರು ಇದು ಗಿಡ್ಡವೇ.

ಗಿಡ್ಡ ಸ್ಕೀಗೆ ದೋಷವಿಲ್ಲವೆಂದಲ್ಲ. ವೇಗ ಏರಿದರೆ ಅದರುತ್ತದೆ, ಹೊಸ ಮೆತ್ತನೆಯ ಹಿಮದಲ್ಲಿ ಮುಳುಗುತ್ತದೆ, ಮೈಭಾರ ತುಸು ಮುಂದಾದರೆ ಮುಗ್ಗರಿಸುತ್ತದೆ. ಇವಕ್ಕಿಂತ ದೊಡ್ಡದು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ತೊಡಕು. ಸಾಮಾನ್ಯ ಸ್ಕೀಯಲ್ಲಿ ಬಿದ್ದಾಗ ಬೂಟು ತಾನಾಗಿ ಬಿಟ್ಟುಕೊಳ್ಳುತ್ತದೆ. ಸ್ನೋಬ್ಲೇಡ್ ಕಾಲದ ಬಹಳಷ್ಟು ಗಿಡ್ಡ ಸ್ಕೀಗಳಲ್ಲಿ ಆ ಏರ್ಪಾಡು ಇರಲಿಲ್ಲ. ಮಂಡಿಯ ಪೆಟ್ಟು ಕಡಿಮೆಯಾದರೂ ಮೊಣಕಾಲ ಕೆಳಗಿನ ಮೂಳೆ ತಿರುಚಿ ಮುರಿದ ಪ್ರಕರಣಗಳು ಹೆಚ್ಚು ಕಂಡವು. ಹಾಗಾಗಿ ಗುಲ್ಮಾರ್ಗಿಗೋ ಔಲಿಗೋ ಹೋಗಿ ಮೊದಲ ಸಲ ಸ್ಕೀ ಬಾಡಿಗೆಗೆ ಪಡೆಯುವವರು ಗಿಡ್ಡದ್ದು ಕೇಳಲು ಸಂಕೋಚಪಡಬೇಡಿ. ಬಿದ್ದರೆ ಬೂಟು ಬಿಟ್ಟುಕೊಳ್ಳುತ್ತದೆಯೇ ಎಂದು ಮಾತ್ರ ಅಂಗಡಿಯವನನ್ನು ಕೇಳಿ, ಎದುರಿಗೇ ಬಿಡಿಸಿ ತೋರಿಸಲು ಹೇಳಿ.